ಚರ್ಚೂ ಬೇಕು, ಮುಚ್ಚಿಡದೆ ಬದುಕಲೂ ಬೇಕು. ಎಲ್ಲಿ ಹುಡುಕಲಿ?

ಮೂರನೇ_ಸಾಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇದನ್ನು ನಾಲ್ಕು ಸಲ ಬರೆದು ಅಳಿಸಿದ್ದೇನೆ. ಈ ಸಲ ಹಾಕಿಬಿಡುತ್ತೇನೆ.

ನನಗೆ 27 ವರ್ಷ. ನಾನು ಗೇ. ಕ್ರೈಸ್ತನೂ ಹೌದು, ಹೆಸರಿಗೆ ಮಾತ್ರ ಅಲ್ಲ. ಕಷ್ಟ ಬಂದರೆ ಬಾಯಿಗೆ ತಾನಾಗಿ ಬರುವುದು ಕೀರ್ತನೆಯ ಸಾಲು. ಒಂಬತ್ತು ವರ್ಷ ಒಂದೇ ಚರ್ಚಿನ ಕಾಯರ್‌ನಲ್ಲಿ ಟೆನರ್ ಹಾಡಿದ್ದೇನೆ. ಮೂರನೇ ಸಾಲು, ಕಿಟಕಿ ಪಕ್ಕದ ಜಾಗ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ದನಿ ಇಳಿಸಬೇಕು ಅಂತ ನನ್ನ ಹಾಡಿನ ಫೈಲ್ ತುಂಬಾ ಪೆನ್ಸಿಲ್ ಗುರುತು ಹಾಕಿಟ್ಟಿದ್ದೆ.

ಕಳೆದ ವರ್ಷ, ಅದೇ ಕಾಯರ್‌ನಲ್ಲಿ ತುಂಬಾ ಹತ್ತಿರದವರು ಅಂದುಕೊಂಡಿದ್ದ ಒಬ್ಬರಿಗೆ ನನ್ನ ವಿಷಯ ಹೇಳಿದೆ. ಅವರು ಅತ್ತರು, ತಬ್ಬಿಕೊಂಡರು, ಯಾರಿಗೂ ಹೇಳುವುದಿಲ್ಲ ಅಂದರು. ಅದೇ ವಾರ ಪ್ರಾರ್ಥನಾ ಗುಂಪಿನಲ್ಲಿ ನನ್ನ ಹೆಸರು ಬಂತು. ಬಂಧನದಿಂದ ಬಿಡುಗಡೆ ಸಿಗಲಿ ಅಂತ ಪ್ರಾರ್ಥನೆ ಮಾಡಿ ಎಂದು ಬರೆದಿದ್ದರು. ಏನು ಬಂಧನ ಅಂತ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಭಾನುವಾರದ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು.

ಪಾಸ್ಟರ್ ಬೈಯಲಿಲ್ಲ, ಹೊರಗೂ ಹಾಕಲಿಲ್ಲ. "ಸ್ವಲ್ಪ ದಿನ ಹಾಡುವುದು ಬೇಡ, ಸುಮ್ನೆ ಬಂದು ಕೂತ್ಕೊಳ್ಳಿ" ಅಂದರು. ಆ ಸ್ವಲ್ಪ ದಿನಕ್ಕೆ ಈಗ ಹನ್ನೊಂದು ತಿಂಗಳು. ಮೊದಲು ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಈಗ ಅದೂ ಆಗುತ್ತಿಲ್ಲ. ನನ್ನ ಭಾಗ ಬರುವಾಗ ಗಂಟಲು ತಾನಾಗಿ ಉಸಿರು ಎಳೆದುಕೊಳ್ಳುತ್ತದೆ, ಆಮೇಲೆ ಹಾಡಬಾರದು ಅಂತ ನೆನಪಾಗುತ್ತದೆ.

ಇತ್ತ ಕ್ವಿಯರ್ (ಗೇ, ಲೆಸ್ಬಿಯನ್, ಟ್ರಾನ್ಸ್ ಮುಂತಾದ) ಗೆಳೆಯರ ಒಂದು ಗುಂಪು ಸಿಕ್ಕಿತು. ಒಳ್ಳೆಯವರು, ನನ್ನನ್ನು ಎರಡನೇ ಸಲ ನೋಡಿದಾಗಲೇ ತಮ್ಮವನು ಅಂದುಕೊಂಡರು. ಆದರೆ ಊಟಕ್ಕೆ ಮೊದಲು ನಾನು ಕಣ್ಣು ಮುಚ್ಚಿದ್ದನ್ನು ನೋಡಿ ಒಬ್ಬರು, "ನಿನ್ನನ್ನ ಹೊರಗೆ ಕೂರಿಸಿದವರ ದೇವರನ್ನ ಇನ್ನೂ ನಂಬ್ತೀಯಾ?" ಅಂತ ಕೇಳಿಬಿಟ್ಟರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಆ ದಿನದಿಂದ ಅಲ್ಲಿಯೂ ಒಂದು ವಿಷಯ ಮುಚ್ಚಿಡಲು ಶುರು ಮಾಡಿದ್ದೇನೆ.

ನನ್ನಂಥವರನ್ನು ನಿಜವಾಗಿ ಒಪ್ಪುವ ಚರ್ಚ್ ಯಾವುದು ಅಂತ ಮೊದಲೇ ತಿಳಿಯುವುದು ಹೇಗೆ? ಹಳೆಯ ಚರ್ಚ್ ಬಿಡಬೇಕಾ, ಹಲ್ಲು ಕಚ್ಚಿಕೊಂಡು ಇರಬೇಕಾ? ಹೊಸದು ಸಿಗುವವರೆಗೆ ಭಾನುವಾರಗಳನ್ನು ಏನು ಮಾಡಲಿ? ದೇವರನ್ನು ಬಿಡು ಅಥವಾ ಗೇ ಆಗಿರುವುದನ್ನು ಬಿಡು ಅನ್ನುವ ಉತ್ತರ ದಯವಿಟ್ಟು ಬೇಡ. ಎರಡನ್ನೂ ಬೇಕಾದಷ್ಟು ಕೇಳಿದ್ದೇನೆ.

ಹಳೇ_ಆಲ್ಟೊ:

ತಮ್ಮಾ, ನನಗೆ 54. ನಿಮ್ಮ ಪೆನ್ಸಿಲ್ ಗುರುತಿನ ಮಾತು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನಾನೂ ಕಾಯರ್‌ನವಳು. ನನ್ನ ಸಂಗಾತಿಯ ಜೊತೆ ಬದುಕಲು ಶುರು ಮಾಡಿ 22 ವರ್ಷ ಆಯಿತು.

ಮೊದಲ ಪ್ರಶ್ನೆಗೆ ನನ್ನ ಅನುಭವದ ಉತ್ತರ: ಕೇಳಿಬಿಡಿ. ಬೇಗ ಕೇಳಿ. ಮನಸ್ಸು ಕೊಡುವ ಮೊದಲೇ ಕೇಳಿ.

ನಾವಿಬ್ಬರೂ ಒಂದು ಚರ್ಚಿಗೆ ಎರಡು ವರ್ಷ ಹೋದೆವು. ಬಾಗಿಲಲ್ಲೇ ಎಲ್ಲರಿಗೂ ಸ್ವಾಗತ ಅನ್ನುವ ಬೋರ್ಡ್. ಪ್ರತಿ ವಾರ ಕೈಕುಲುಕುತ್ತಿದ್ದರು, ಹುಷಾರಿಲ್ಲ ಅಂದರೆ ಫೋನ್ ಮಾಡುತ್ತಿದ್ದರು, ನಾವೂ ಕೇಳಿದ ಕೆಲಸವನ್ನೆಲ್ಲಾ ಮಾಡಿದೆವು. ಎರಡು ವರ್ಷದ ಮೇಲೆ ಸದಸ್ಯರ ಪಟ್ಟಿಯಲ್ಲಿ ನಮ್ಮಿಬ್ಬರ ಹೆಸರನ್ನು ಒಂದೇ ಮನೆಯವರು ಅಂತ ಬರೆಯಿರಿ ಎಂದು ಕೇಳಿದೆವು. ಕಮಿಟಿ ಆಗಲ್ಲ ಅಂದಿತು. ಅವರು ಸುಳ್ಳು ಹೇಳಿರಲಿಲ್ಲ. ಸ್ವಾಗತ ಅಂದಿದ್ದರು, ಅಷ್ಟೇ. ಒಳಗೆ ಬಂದಮೇಲೆ ಎಲ್ಲಿಯವರೆಗೆ ಬರಬಹುದು ಅಂತ ನಾವು ಕೇಳಿರಲಿಲ್ಲ, ಅವರಾಗಿ ಹೇಳಲೂ ಇಲ್ಲ.

ಹಾಗಾಗಿ ಈಗ ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ. ಪಾಸ್ಟರ್‌ಗೆ ನೇರ ಪ್ರಶ್ನೆ ಕೇಳಿ. ನಾನು ಸಂಗಾತಿಯ ಜೊತೆ ಬಂದರೆ ಪ್ರಭುಭೋಜನ (ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳಬಹುದಾ? ಕಾಯರ್‌ನಲ್ಲಿ ಹಾಡಬಹುದಾ, ಸಂಡೇ ಸ್ಕೂಲ್‌ನಲ್ಲಿ ಕಲಿಸಬಹುದಾ, ಕಮಿಟಿಗೆ ನಿಲ್ಲಬಹುದಾ? ಇಲ್ಲಿ ನನಗೆ ಮದುವೆ ಮಾಡಿಸುತ್ತೀರಾ? ನಮ್ಮಲ್ಲೊಬ್ಬರು ತೀರಿಕೊಂಡರೆ, ಇನ್ನೊಬ್ಬರನ್ನು ಮನೆಯವರ ಸಾಲಿನಲ್ಲಿ ಕೂರಿಸುತ್ತೀರಾ? ಕೊನೆಯದನ್ನು ಕೇಳಲು ಕಷ್ಟ, ಆದರೆ ಉತ್ತರ ಅಲ್ಲೇ ಗೊತ್ತಾಗುವುದು. ಹೌದು ಅಥವಾ ಇಲ್ಲ ಅಂತ ಹೇಳಿದರೆ, ಇಲ್ಲ ಅಂದರೂ, ಆ ಮನುಷ್ಯನಿಗೆ ಮರ್ಯಾದೆ ಕೊಡಿ. "ಇದು ಸೂಕ್ಷ್ಮ ವಿಷಯ, ಮೊದಲು ನೀವು ಬರ್ತಾ ಇರಿ, ನಿಧಾನವಾಗಿ ಮಾತಾಡೋಣ" ಅಂದರೆ ಬಹಳ ಸಲ ಅದರ ಅರ್ಥ ಇಲ್ಲ ಅಂತಲೇ. ಇದೊಂದೇ ಕಾರಣಕ್ಕೆ 2017ರಲ್ಲಿ ಅಮೆರಿಕದಲ್ಲಿ ಚರ್ಚ್ ಕ್ಲಾರಿಟಿ ಅಂತ ಒಂದು ಗುಂಪು ಶುರುವಾಯಿತು. ಯಾವ ಚರ್ಚ್ ತನ್ನ ನಿಯಮವನ್ನು ಸ್ಪಷ್ಟವಾಗಿ ಹೇಳುತ್ತದೆ, ಯಾವುದು ಮುಚ್ಚಿಡುತ್ತದೆ ಅಂತ ಗುರುತು ಮಾಡುವುದು ಅವರ ಕೆಲಸ. ಒಪ್ಪದಿರುವುದಕ್ಕಿಂತ ಒಪ್ಪಿದಂತೆ ತೋರಿಸುವುದು ಜಾಸ್ತಿ ಗಾಯ ಮಾಡುತ್ತದೆ, ಅದು ಅವರಿಗೂ ಗೊತ್ತಿದೆ.

ಪಂಗಡದ ನಿಯಮವನ್ನೂ ನೋಡಿ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ಯುನೈಟೆಡ್ ಮೆಥೊಡಿಸ್ಟ್ ಚರ್ಚ್ 1972ರಲ್ಲಿ ನಮ್ಮಂಥವರ ವಿರುದ್ಧ ಬರೆದುಕೊಂಡಿದ್ದ ಸಾಲನ್ನು ತೆಗೆದುಹಾಕಿದ್ದು 2024ರಲ್ಲಿ. 52 ವರ್ಷ. ಹಾಗಂತ ಮರುದಿನದಿಂದ ಎಲ್ಲ ಬೆಂಚುಗಳಲ್ಲೂ ಮನಸ್ಸು ಬದಲಾಯಿತು ಅಂತಲ್ಲ. ಆ 52 ವರ್ಷಗಳಲ್ಲೂ ಅದೇ ಪಂಗಡದ ಎಷ್ಟೋ ಸಭೆಗಳು ನಮ್ಮ ಪರ ನಿಂತಿದ್ದವು.

ಇನ್ನು ದೊಡ್ಡ ಕಟ್ಟಡವನ್ನೇ ಹುಡುಕಬೇಕು ಅಂತೇನಿಲ್ಲ. ಟ್ರಾಯ್ ಪೆರ್ರಿ ಅನ್ನುವವರನ್ನು ಗೇ ಅನ್ನುವ ಕಾರಣಕ್ಕೆ ಪಾಸ್ಟರ್ ಕೆಲಸದಿಂದ ತೆಗೆದಿದ್ದರು. ಸಾಯಲು ಹೊರಟು ಬದುಕಿಕೊಂಡವರು ಅವರು. 1968ರ ಅಕ್ಟೋಬರ್ 6ರಂದು ಲಾಸ್ ಏಂಜಲೀಸ್ ಬಳಿಯ ತಮ್ಮ ಮನೆಯಲ್ಲೇ ಆರಾಧನೆ ನಡೆಸಿದರು. ಬಂದದ್ದು 12 ಜನ. ಮೆಟ್ರೊಪಾಲಿಟನ್ ಕಮ್ಯುನಿಟಿ ಚರ್ಚ್ ಶುರುವಾಗಿದ್ದು ಹಾಗೆ. ಈಗ ಅದರ ಸಭೆಗಳು ಹಲವು ದೇಶಗಳಲ್ಲಿವೆ. ಆ ಮೊದಲ ಭಾನುವಾರ ಬಾಗಿಲು ತಟ್ಟಿದವರ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತೋ ಅಂತ ನಾನು ಆಗಾಗ ಯೋಚಿಸುತ್ತೇನೆ.

ಬೆಳಗಿನ_ನಡಿಗೆ:

ಮೇಲಿನ ಅಕ್ಕ ಹೇಳಿದ್ದು ಸರಿ. ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ನಿಮ್ಮ ಪ್ರಾರ್ಥನಾ ಗುಂಪಿನಲ್ಲಿ ಬಂಧನ, ಬಿಡುಗಡೆ ಅನ್ನುವ ಮಾತು ಬಂದಿದೆ ಅಂದರೆ ಮುಂದಿನ ಹೆಜ್ಜೆ ಗೇ ಆಗಿರುವುದನ್ನು ಬದಲಾಯಿಸುತ್ತೇವೆ ಅನ್ನುವ ಕೌನ್ಸೆಲಿಂಗ್ ಆಗಿರಬಹುದು. ದಯವಿಟ್ಟು ಒಪ್ಪಬೇಡಿ.

ನಾನು ಎರಡು ವರ್ಷ ಹೋದೆ. ಪ್ರತಿ ಗುರುವಾರ. ಒಂದು ಸಣ್ಣ ನೋಟ್‌ಬುಕ್ ಕೊಟ್ಟಿದ್ದರು, ದಿನಕ್ಕೆ ಎಷ್ಟು ಸಲ ಯಾರನ್ನು ನೋಡಿ ಮನಸ್ಸು ಹೋಯಿತು ಅಂತ ಬರೆಯಬೇಕು, ವಾರದ ಕೊನೆಗೆ ಅದನ್ನು ಅವರು ಓದುತ್ತಿದ್ದರು, ನಾನು ಎದುರಿಗೆ ಕೂತಿರುತ್ತಿದ್ದೆ. ಮೊದಲು ನಿಜ ಬರೆದೆ. ಆಮೇಲೆ ಅಂಕಿಗಳನ್ನು ಇಳಿಸುತ್ತಾ ಹೋದೆ. ಅವರಿಗೆ ಖುಷಿಯಾಯಿತು, ನನ್ನನ್ನು ಎಬ್ಬಿಸಿ ಸಾಕ್ಷಿ ಹೇಳಿಸಿದರು. ದೇವರ ಮನೆಯಲ್ಲಿ ನಿಂತು ಸುಳ್ಳು ಹೇಳಲು ಕಲಿತದ್ದು ಅಲ್ಲೇ. ಅದಕ್ಕಾಗಿ ನನಗೆ ಇವತ್ತಿಗೂ ದುಃಖ ಇದೆ.

ಇದು ನನ್ನೊಬ್ಬನ ಕಥೆ ಅಲ್ಲ. ಬದಲಾಯಿಸುತ್ತೇವೆ ಅನ್ನುವ ಸಂಸ್ಥೆಗಳಲ್ಲಿ ಬಹಳ ದೊಡ್ಡದಾಗಿದ್ದದ್ದು 1976ರಲ್ಲಿ ಶುರುವಾದ ಎಕ್ಸೋಡಸ್ ಇಂಟರ್‌ನ್ಯಾಷನಲ್. 2013ರಲ್ಲಿ ಅದರ ಮುಖ್ಯಸ್ಥ ಅಲನ್ ಚೇಂಬರ್ಸ್ ಅವರೇ ಕ್ಷಮೆ ಕೇಳಿದರು, ಸಂಸ್ಥೆಯನ್ನೂ ಮುಚ್ಚಿದರು. ಬದಲಾಗಬಹುದು ಅಂತ ಸಂಶೋಧನೆ ಪ್ರಕಟಿಸಿದ್ದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್ ಕೂಡ 2012ರಲ್ಲಿ ಅದು ತಪ್ಪಾಗಿತ್ತು ಅಂತ ಕ್ಷಮೆ ಕೇಳಿದರು. ಸಲಿಂಗ ಒಲವು ಕಾಯಿಲೆ ಅಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿಯಿಂದ ತೆಗೆದದ್ದು 1990ರಲ್ಲೇ. ಈ ವರ್ಷಗಳನ್ನೆಲ್ಲಾ ಬಾಯಿಪಾಠ ಮಾಡಿಟ್ಟುಕೊಂಡಿದ್ದೇನೆ. ಯಾರಾದರೂ ಪ್ರೀತಿಯಿಂದಲೇ ಬಂದು ಕೈ ಹಿಡಿದು ಒತ್ತಾಯ ಮಾಡಿದಾಗ ತಲೆಗೆ ಏನೂ ಹೊಳೆಯುವುದಿಲ್ಲ, ಆಗ ಇವು ಬೇಕಾಗುತ್ತವೆ.

ಒಳ್ಳೆಯ ಗುಂಪು ಯಾವುದು ಅನ್ನುವುದಕ್ಕೆ ನನ್ನದೊಂದು ಪರೀಕ್ಷೆ ಇದೆ. ಸಣ್ಣದೊಂದು ವಿಷಯಕ್ಕೆ ಬೇಡ ಅಂದು ನೋಡಿ. ಈ ವಾರ ಬರುವುದಿಲ್ಲ, ಈ ವಿಷಯ ಹೇಳಿಕೊಳ್ಳಲು ಇಷ್ಟವಿಲ್ಲ, ಇಂಥ ಕೆಲಸ ನನಗೆ ಆಗಲ್ಲ ಅಂತ. ಆಯ್ತು ಅಂತ ಸುಮ್ಮನಾದರೆ ಒಳ್ಳೆಯದು. ಮುಖ ಬಿಗಿಯಾದರೆ, ನಿಮ್ಮ ವಿಶ್ವಾಸವನ್ನೇ ಪ್ರಶ್ನೆ ಮಾಡಿದರೆ, ನಾಳೆ ಬೆಳಿಗ್ಗೆ ಮೂರು ಜನ ಫೋನ್ ಮಾಡಿದರೆ ಹುಷಾರು. ಇದು ಕ್ವಿಯರ್ ಜನರನ್ನು ಒಪ್ಪುವ ಚರ್ಚುಗಳಿಗೂ ಅಷ್ಟೇ ಅನ್ವಯಿಸುತ್ತದೆ. ಕಾಮನಬಿಲ್ಲಿನ ಬಾವುಟ ಇದ್ದ ಮಾತ್ರಕ್ಕೆ ಒಬ್ಬನೇ ನಾಯಕ ಎಲ್ಲವನ್ನೂ ತೀರ್ಮಾನಿಸುವ, ಲೆಕ್ಕ ತೋರಿಸದ, ಬಿಟ್ಟುಹೋದವರ ಬಗ್ಗೆ ಕೆಟ್ಟದಾಗಿ ಮಾತಾಡುವ ಚರ್ಚ್ ಒಳ್ಳೆಯದಾಗುವುದಿಲ್ಲ. ನಾವು ಹಸಿದು ಬಂದಿರುತ್ತೇವೆ, ಮೊದಲು ಬಾಗಿಲು ತೆಗೆದವರನ್ನು ಪೂರ್ತಿ ನಂಬಿಬಿಡುತ್ತೇವೆ. ನಾನು ನಂಬಿದ್ದೆ.

ಇನ್ನೊಂದು ಮಾತು, ನಿಮಗೂ ಸುಮ್ನೆ ಓದಿ ಹೋಗುವವರಿಗೂ. ಮನೆ, ದುಡ್ಡು, ಓದು ಎಲ್ಲಾ ಮನೆಯವರ ಕೈಯಲ್ಲೇ ಇದ್ದರೆ ವಿಷಯ ಹೇಳಲು ಅವಸರ ಮಾಡಬೇಡಿ. ಕಾಯುವುದು ಮೋಸ ಅಲ್ಲ. ಬದುಕೇ ಬೇಡ ಅನ್ನಿಸಿದ ದಿನ ಒಬ್ಬರೇ ಪ್ರಾರ್ಥಿಸುತ್ತಾ ಕೂರಬೇಡಿ, ಅವತ್ತೇ ಡಾಕ್ಟರ್‌ಗೋ ಸಹಾಯವಾಣಿಗೋ ನಂಬುವ ಒಬ್ಬರಿಗೋ ಫೋನ್ ಮಾಡಿ. ಬೈಬಲ್ಲಿನಲ್ಲಿ ಪ್ರವಾದಿ ಎಲೀಯನು ಸಾವು ಬೇಡಿಕೊಂಡು ಗಿಡದ ಕೆಳಗೆ ಮಲಗಿದ್ದಾಗ ದೇವದೂತ ಬೋಧನೆ ಮಾಡಲಿಲ್ಲ ಅಲ್ವಾ? ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಲು ಬಿಟ್ಟ. ಎರಡನೇ ಸಲವೂ ರೊಟ್ಟಿಯನ್ನೇ ಕೊಟ್ಟ.

ಮೇಣದಬತ್ತಿ:

ನಾನು ಕ್ಯಾಥೊಲಿಕ್. ಬಿಟ್ಟು ಹೋಗದೆ ಉಳಿದವಳು, ಹಾಗಾಗಿ ನನ್ನ ಉತ್ತರ ಸ್ವಲ್ಪ ಬೇರೆ.

ಎಲ್ಲರಿಗೂ ಬೇರೆ ಚರ್ಚಿಗೆ ಹೋಗಲು ಆಗುವುದಿಲ್ಲ. ನನಗೆ ಬಲಿಪೂಜೆ, ಅಂದರೆ ನಮ್ಮ ಮಾಸ್, ಬಿಟ್ಟು ಬದುಕಲು ಆಗುವುದಿಲ್ಲ. ನನ್ನ ಸಭೆ ನನ್ನ ಪ್ರೀತಿಯನ್ನು ಮದುವೆ ಅಂತ ಒಪ್ಪುವುದಿಲ್ಲ ಅಂತ ಗೊತ್ತಿದ್ದೂ ಇದ್ದೇನೆ. 2023ರ ಡಿಸೆಂಬರ್‌ನಲ್ಲಿ ವ್ಯಾಟಿಕನ್ನಿನಿಂದ ಸಲಿಂಗಿ ಜೋಡಿಗಳಿಗೂ ಆಶೀರ್ವಾದ ಕೊಡಬಹುದು ಅನ್ನುವ ಪತ್ರ ಬಂತಲ್ಲ, ಅವತ್ತು ಎಷ್ಟೋ ಜನ ಇದೇನು ಮಹಾ ಅಂದರು. ಮದುವೆಯ ಬೋಧನೆ ಬದಲಾಗಲಿಲ್ಲ, ಆರಾಧನೆಯ ವಿಧಿಯಾಗಿ ಕೊಡುವಂತಿಲ್ಲ ಅಂತಲೂ ಅದರಲ್ಲೇ ಇದೆ, ನಿಜ. ಆದರೂ ನಾನು ಅವತ್ತು ಅತ್ತೆ.

ಉಳಿಯುವುದಾದರೆ ಒಂಟಿಯಾಗಿ ಉಳಿಯಬೇಡಿ. ಇದೊಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕ್ಯಾಥೊಲಿಕರಲ್ಲಿ ಡಿಗ್ನಿಟಿ ಅನ್ನುವ ಗುಂಪು ಅಮೆರಿಕದಲ್ಲಿ 1969ರಿಂದ ಇದೆ, ಒಬ್ಬ ಪಾದ್ರಿಯೇ ಶುರು ಮಾಡಿದ್ದು. ಅಂದರೆ ಉಳಿದವರು ಯಾವಾಗಲೂ ಇದ್ದರು. ನನ್ನ ಸಭೆಯಲ್ಲಿ ನನ್ನ ವಿಷಯ ಗೊತ್ತಿರುವವರು ಮೂರೇ ಜನ. ಚರ್ಚಿನಲ್ಲಿ ಕೆಟ್ಟ ಪ್ರಸಂಗ (ಬೋಧನೆ) ಕೇಳಿ ಬಂದ ದಿನ ನಾನು ಅವರಲ್ಲಿ ಒಬ್ಬರ ಮನೆಗೆ ಹೋಗುತ್ತೇನೆ, ಅವರು ಏನೂ ಹೇಳದೆ ಕುರ್ಚಿ ಎಳೆದು ಹಾಕುತ್ತಾರೆ. ಆ ಮೂವರು ಇರದಿದ್ದರೆ ಉಳಿಯಿರಿ ಅಂತ ನಿಮಗೆ ಹೇಳುವ ಧೈರ್ಯ ನನಗೆ ಇರುತ್ತಿರಲಿಲ್ಲ.

ಇನ್ನೊಂದು. ನಮ್ಮೊಳಗೇ ಎರಡು ಅಭಿಪ್ರಾಯದವರು ಇದ್ದಾರೆ. ದೇವರು ಸಲಿಂಗ ಮದುವೆಯನ್ನೂ ಹರಸುತ್ತಾನೆ ಅನ್ನುವವರು ಸೈಡ್ ಎ. ಗೇ ಆಗಿರುವುದು ಪಾಪವಲ್ಲ, ಆದರೆ ತಾವು ಬ್ರಹ್ಮಚರ್ಯದಲ್ಲಿ ಬದುಕಬೇಕು ಅನ್ನುವವರು ಸೈಡ್ ಬಿ. ನನ್ನ ಹತ್ತಿರದ ಗೆಳತಿ ಸೈಡ್ ಬಿ. ನಾನು ಅಲ್ಲ. ಅವಳು ತಾನೇ ಯೋಚಿಸಿ ಆರಿಸಿಕೊಂಡ ದಾರಿ ಅದು, ನನ್ನ ಮೇಲೆ ಯಾವತ್ತೂ ಹೇರಿಲ್ಲ. ಅವಳ ಒಂಟಿತನವನ್ನು ಹಂಚಿಕೊಳ್ಳುವ ಜವಾಬ್ದಾರಿ ನಮ್ಮ ಮೇಲೂ ಇದೆ. ಬೇರೆಯವರ ಮೇಲೆ ಬ್ರಹ್ಮಚರ್ಯ ಹೊರಿಸಿ, ಆಮೇಲೆ ಹಬ್ಬದ ದಿನ ಒಬ್ಬರೇ ಮನೆಯಲ್ಲಿ ಕೂರಲು ಬಿಡುವ ಸಭೆ ಯಾವ ಅಭಿಪ್ರಾಯದ್ದಾದರೂ ಆರೋಗ್ಯವಾಗಿಲ್ಲ.

ಹಳೇ_ಆಲ್ಟೊ:

ಮೇಣದಬತ್ತಿ ಅವರೇ, ನಿಮ್ಮ ಮೂವರ ಮಾತು ಮನಸ್ಸಿಗೆ ತಟ್ಟಿತು. ಆದರೆ ಈ ಹುಡುಗನಿಗೆ ಅಲ್ಲಿ ಒಬ್ಬರೂ ಇಲ್ಲ. ಇದ್ದ ಒಬ್ಬರೇ ವಿಷಯ ಹೊರಗೆ ಹಾಕಿದ್ದು. ಅಂಥ ಕಡೆ ಉಳಿಯಿರಿ ಅಂತ ನಾನು ಹೇಳಲಾರೆ. ಭಾನುವಾರ ಸಂಜೆ ಮೈ ಹೇಗಿರುತ್ತದೆ ಅಂತ ನೋಡಿಕೊಳ್ಳಿ ತಮ್ಮಾ. ನನಗೆ ವರ್ಷಗಟ್ಟಲೆ ಭಾನುವಾರ ಸಂಜೆ ತಲೆನೋವು ಬರುತ್ತಿತ್ತು, ಬಿಸಿಲಿಗೆ ಅಂದುಕೊಂಡಿದ್ದೆ. ಚರ್ಚ್ ಬದಲಾಯಿಸಿದ ಮೇಲೆ ನಿಂತಿತು.

ಹೊಸ_ಹೆಸರು:

ನಾನು ಟ್ರಾನ್ಸ್ ಹೆಣ್ಣು. ಮೂರನೇ ಪ್ರಶ್ನೆಗೆ, ಅಂದರೆ ಖಾಲಿ ಭಾನುವಾರಗಳ ಬಗ್ಗೆ ಹೇಳುತ್ತೇನೆ. ನನಗೆ ಎರಡೂವರೆ ವರ್ಷ ಚರ್ಚ್ ಇರಲಿಲ್ಲ.

ನಾನೂ ಒಬ್ಬ ಗೆಳತಿಯೂ ಭಾನುವಾರ ಹತ್ತು ಗಂಟೆಗೆ ಫೋನ್‌ನಲ್ಲಿ ಸತ್ಯವೇದ (ಬೈಬಲ್) ಓದಲು ಶುರು ಮಾಡಿದೆವು. ಅವಳು ಒಂದು ಅಧ್ಯಾಯ, ನಾನು ಒಂದು. ಪ್ರಸಂಗ ಇಲ್ಲ. ಕೊನೆಯಲ್ಲಿ ಒಬ್ಬರಿಗೊಬ್ಬರು ಹೆಸರು ಹಿಡಿದು ಪ್ರಾರ್ಥನೆ. ನನ್ನ ಈಗಿನ ಹೆಸರನ್ನು ದೇವರ ಮುಂದೆ ಗಟ್ಟಿಯಾಗಿ ಹೇಳಿದ ಮೊದಲ ಮನುಷ್ಯಳು ಅವಳು. ಇಬ್ಬರು ಮೂವರು ನನ್ನ ಹೆಸರಿನಲ್ಲಿ ಕೂಡಿದಲ್ಲಿ ನಾನಿದ್ದೇನೆ ಅಂತ ಯೇಸು ಹೇಳಿದ್ದನ್ನು ಚಿಕ್ಕಂದಿನಿಂದ ಕೇಳಿದ್ದೆ. ಇಬ್ಬರು ಸಾಕು ಅಂತ ಅರ್ಥವಾಗಿದ್ದು ಆಗಲೇ.

ಹೀಗೆ ಓದುವಾಗ ಒಂದು ದಾರಿ ಸಿಕ್ಕಿತು, ನೀವೂ ಓದಿ ನೋಡಿ. ಧರ್ಮೋಪದೇಶಕಾಂಡ 23ನೇ ಅಧ್ಯಾಯದಲ್ಲಿ ಬೀಜ ಒಡೆಸಿಕೊಂಡವರು ಸಭೆಯಲ್ಲಿ ಸೇರಬಾರದು ಅಂತಿದೆ. ಯೆಶಾಯ 56ಕ್ಕೆ ಬಂದರೆ, ಅಂಥವರು ತಮ್ಮನ್ನು ಒಣಗಿದ ಮರ ಅಂದುಕೊಳ್ಳಬೇಕಾಗಿಲ್ಲ, ಮಕ್ಕಳಿರುವುದಕ್ಕಿಂತ ಮೇಲಾದ ಹೆಸರನ್ನು ನನ್ನ ಆಲಯದಲ್ಲೇ ಕೊಡುತ್ತೇನೆ ಅನ್ನುತ್ತಾನೆ ದೇವರು. ಅಪೊಸ್ತಲರ ಕೃತ್ಯ 8ರಲ್ಲಿ ಇಥಿಯೋಪಿಯಾದ ಕಂಚುಕಿ, ಅಂದರೆ ಅಂಥವನೇ ಆದ ಒಬ್ಬ ಅರಮನೆ ಅಧಿಕಾರಿ, ರಥದಲ್ಲಿ ಕೂತು ಓದುತ್ತಿರುವುದೂ ಅದೇ ಯೆಶಾಯನ ಪುಸ್ತಕವನ್ನು. ದಾರಿಯಲ್ಲಿ ನೀರು ಕಂಡಾಗ, ನನಗೆ ದೀಕ್ಷಾಸ್ನಾನ ಆಗಲು ಅಡ್ಡಿ ಏನು ಅಂತ ಕೇಳುತ್ತಾನೆ. ಜೊತೆಗೆ ಕೂತು ಆ ಪುಸ್ತಕ ವಿವರಿಸುತ್ತಿದ್ದ ಫಿಲಿಪ್ಪ ಸಮಿತಿ ಕರೆಯಲಿಲ್ಲ. ಇಬ್ಬರೂ ನೀರಿಗಿಳಿದರು. ಅವತ್ತಿನಿಂದ ನಾನು ಈ ಮೂರು ಅಧ್ಯಾಯಗಳನ್ನು ಒಟ್ಟಿಗೆ ಓದುತ್ತೇನೆ. ಗೇ ಗಂಡಸರ ಬಗ್ಗೆ ಎತ್ತಿ ಆಡುವ ವಚನಗಳಿಗೂ ಒಂದು ಇತಿಹಾಸ ಇದೆ ಅಂತ ನಿಮಗೆ ತಿಳಿದಿರಲಿ. ಇಂಗ್ಲಿಷ್ ಬೈಬಲ್ಲಿನಲ್ಲಿ ಕೊರಿಂಥದವರಿಗೆ ಬರೆದ ಪತ್ರದ ಆ ಜಾಗಕ್ಕೆ ಹೋಮೋಸೆಕ್ಶುಯಲ್ ಅನ್ನುವ ಪದ ಬಂದದ್ದು 1946ರ ಅನುವಾದದಲ್ಲಿ.

ನಿಮ್ಮ ಕ್ವಿಯರ್ ಗೆಳೆಯರನ್ನು ಬಿಡಬೇಡಿ. ಅವತ್ತು ಹಾಗೆ ಕೇಳಿದವರ ಹತ್ತಿರ ಒಬ್ಬರೇ ಇದ್ದಾಗ ಹೇಳಿ: ನಾನು ಪ್ರಾರ್ಥನೆ ಮಾಡುವುದು ನಿನ್ನನ್ನು ನೋಯಿಸಿದವರ ಪರವಾಗಿ ಅಲ್ಲ, ನೀನು ಪ್ರಾರ್ಥನೆ ಮಾಡುವುದೂ ಬೇಡ, ನನ್ನ ಕಣ್ಣು ಮುಚ್ಚಲು ಅರ್ಧ ನಿಮಿಷ ಬಿಟ್ಟರೆ ಸಾಕು. ನಾನು ಹೀಗೆ ಹೇಳಿದಾಗ ನನ್ನ ಗೆಳೆಯ ಬಹಳ ಹೊತ್ತು ಸುಮ್ಮನಿದ್ದು, ತನ್ನ ಅಜ್ಜಿ ಕಲಿಸಿದ ಪ್ರಾರ್ಥನೆ ಇನ್ನೂ ಬಾಯಿಗೆ ಬರುತ್ತದೆ ಅಂದ.

ಮೂರನೇ_ಸಾಲು:

ಮೂರು ವಾರ ಆಯಿತು, ತಡವಾಗಿದ್ದಕ್ಕೆ ಕ್ಷಮಿಸಿ. ಎಲ್ಲರ ಉತ್ತರವನ್ನೂ ಬಹಳ ಸಲ ಓದಿದ್ದೇನೆ.

ಅಕ್ಕ, ನಿಮ್ಮ ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು ಒಬ್ಬ ಪಾಸ್ಟರ್‌ಗೆ ಫೋನ್ ಮಾಡಿದೆ. ಕೈ ನಡುಗುತ್ತಿತ್ತು, ಓದಿಯೇ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಪ್ರಭುಭೋಜನಕ್ಕೆ ಹೌದು, ಕಾಯರ್‌ಗೆ ಹೌದು, ಸಂಡೇ ಸ್ಕೂಲ್‌ಗೂ ಹೌದು ಅಂದರು. ಮದುವೆ ಮಾಡಿಸಲು ನಮ್ಮ ಪಂಗಡದಲ್ಲಿ ಅನುಮತಿ ಇಲ್ಲ, ಆ ನಿಯಮ ಬದಲಾಗಲಿ ಅಂತ ವಾದ ಮಾಡುವವರಲ್ಲಿ ನಾನೂ ಒಬ್ಬ, ಆದರೆ ಆಗುತ್ತದೆ ಅಂತ ನಿಮಗೆ ಮಾತು ಕೊಡಲಾರೆ ಅಂದರು. ಸಾವಿನ ಪ್ರಶ್ನೆಗೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮೊದಲ ಸಾಲಿನಲ್ಲಿ ಕೂರಿಸುತ್ತೇನೆ" ಅಂದರು. ಒಂದು ಇಲ್ಲ ಇದ್ದರೂ, ಇಷ್ಟು ನೇರವಾಗಿ ನನ್ನ ಹತ್ತಿರ ಯಾವ ಪಾಸ್ಟರೂ ಮಾತಾಡಿರಲಿಲ್ಲ. ಎರಡು ಭಾನುವಾರ ಹೋಗಿ ಬಂದೆ. ಇನ್ನೂ ಏನೂ ತೀರ್ಮಾನ ಮಾಡಿಲ್ಲ. ಒಂದು ಕೆಲಸಕ್ಕೆ ಬೇಡ ಅಂತಲೂ ಹೇಳಿ ನೋಡಿದೆ, ಆಯ್ತು ಅಂದರು, ಅಷ್ಟೇ.

ಹಳೆಯ ಚರ್ಚಿಗೆ ವಾರದ ಮಧ್ಯೆ ಹೋಗಿ ನನ್ನ ಫೈಲ್ ಕೇಳಿದೆ. ಕಪಾಟಿನಲ್ಲಿ ಅದೇ ಜಾಗದಲ್ಲಿತ್ತು. ಮೇಲಿದ್ದ ನನ್ನ ಹೆಸರಿನ ಚೀಟಿ ಕಿತ್ತಿದ್ದರು, ಅಂಟಿನ ಗುರುತು ಉಳಿದಿತ್ತು. ಒಳಗಿನ ಪೆನ್ಸಿಲ್ ಗುರುತು ಹಾಗೇ ಇವೆ. ಮನೆಗೆ ತಂದಿದ್ದೇನೆ. ಗುರುವಾರ ಹೊಸ ಚರ್ಚಿನಲ್ಲಿ ಪ್ರಾಕ್ಟೀಸ್ ಇದೆಯಂತೆ, ಬನ್ನಿ ಅಂದಿದ್ದಾರೆ. ಹೋಗಲೋ ಬೇಡವೋ ಗೊತ್ತಾಗುತ್ತಿಲ್ಲ.

ಹಳೇ_ಆಲ್ಟೊ:

ಹೋಗಿ. ಫೈಲ್ ತೆಗೆದುಕೊಂಡು ಹೋಗಿ. ಮೊದಲ ದಿನ ಹಾಡಲು ಆಗದಿದ್ದರೆ ಪುಟ ತಿರುಗಿಸುತ್ತಾ ಕೂತಿರಿ, ಯಾರೂ ಕೇಳುವುದಿಲ್ಲ. ಗುರುವಾರ ರಾತ್ರಿ ಇಲ್ಲಿ ಬಂದು ಬರೆಯಿರಿ, ನಾನು ಎದ್ದಿರುತ್ತೇನೆ.